ಮೈದನಹಳ್ಳಿ ಕೃಷ್ಣಮೃಗ ತಾಣ: ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಮರಗಳಿಗೆ

ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಹೋಗಿ ಬಂದಾಗ ನಾನು ಈ ಜಾಗಕ್ಕೆ ಮನಸ್ಸಿನಲ್ಲೇ ಒಂದು ಸ್ಟಾರ್ ಕೊಟ್ಟಿದ್ದೆ, ಅದೂ ಗಾಡಿ ನಿಲ್ಲಿಸೋಕೆ ಜಾಗ ಧಾರಾಳ ಅನ್ನೋ ಒಂದೇ ಕಾರಣಕ್ಕೆ. ಏಪ್ರಿಲ್ ಕೊನೆಯ ವಾರ. ಮಧುಗಿರಿ ಬೆಟ್ಟ ನೋಡಿ, ಪೇಟೆಯಲ್ಲಿ ಊಟ ಮುಗಿಸಿ, ಹೆಂಗೂ ಇಷ್ಟು ದೂರ ಬಂದಿದ್ದೇವಲ್ಲ ಅಂತ ಮಧ್ಯಾಹ್ನ ಎರಡು ಗಂಟೆಗೆ ಹೋಗಿದ್ದೆವು. ಕಾರಿನ ಬಾಗಿಲು ತೆಗೆದರೆ ಒಲೆ ಮುಂದೆ ಕೂತ ಹಾಗೆ ಝಳ. ಕಣ್ಣು ಹಾಯುವಷ್ಟು ದೂರ ಒಣಗಿದ ಹುಲ್ಲು, ಅದರ ಮೇಲೆ ನಡುಗುವ ಬಿಸಿಲು, ಅಷ್ಟೇ. ಹಿಂದಿನ ಸೀಟಿನಲ್ಲಿದ್ದ ಅಕ್ಕನ ಮಗಳು, ಆಗ ಅವಳಿಗೆ ಏಳು ವರ್ಷ, ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದಳು: "ಮಾಮಾ, ಕಾಡೆಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೂರದಲ್ಲಿ ನಾಲ್ಕು ಚುಕ್ಕೆ ಕಂಡವು, ಅವು ಜಿಂಕೆಯೋ ಕಲ್ಲೋ ಅಂತ ಭಾವನಿಗೂ ನನಗೂ ವಾದ ಆಯಿತು. ಹತ್ತು ನಿಮಿಷ ಇದ್ದು ವಾಪಸ್ ಬಂದೆವು. ಆಫೀಸಿನಲ್ಲಿ ಈ ಜಾಗ ಹೇಳಿದ ಗೆಳೆಯನಿಗೆ ಸೋಮವಾರ ಬೆಳಿಗ್ಗೆ ಬೈಗುಳ ಬಿತ್ತು. ಅವನು ಸುಮ್ಮನೆ ನಕ್ಕು ಒಂದೇ ಮಾತು ಕೇಳಿದ: "ಎಷ್ಟು ಗಂಟೆಗೆ ಹೋಗಿದ್ದೆ?"

ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ಈ ವಿಮರ್ಶೆ ಬರೆಯುವ ಯೋಗ್ಯತೆ ಸ್ವಲ್ಪ ಬಂದಿದೆ ಅಂದುಕೊಳ್ಳುತ್ತೇನೆ.

ಗೊತ್ತಿಲ್ಲದವರಿಗೆ ವಿವರ. ಸರ್ಕಾರಿ ಕಾಗದದಲ್ಲಿ ಇದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. ಊರಿನವರಿಗೆ ಮಾತ್ರ ಮೈದನಹಳ್ಳಿ ಜಿಂಕೆ ಕಾಡು. ತುಮಕೂರು ಜಿಲ್ಲೆ, ಮಧುಗಿರಿ ತಾಲ್ಲೂಕು, ಆಂಧ್ರದ ಗಡಿ ಇಲ್ಲೇ ಪಕ್ಕ, ಹಿಂದೂಪುರ ಹತ್ತಿರ. ಬೆಂಗಳೂರಿನಿಂದ 130 ರಿಂದ 150 ಕಿಲೋಮೀಟರ್, ನಿಮ್ಮ ಬೆಂಗಳೂರು ಎಲ್ಲಿ ಶುರುವಾಗುತ್ತದೆ ಅನ್ನೋದರ ಮೇಲೆ ಲೆಕ್ಕ. ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ, ಆಮೇಲೆ ಹಿಂದೂಪುರ ರಸ್ತೆಯಲ್ಲಿ ಪುರವರ. ಅಲ್ಲಿಂದ ಮುಂದೆ ಮ್ಯಾಪ್ ನಂಬಬೇಡಿ. ನಮ್ಮನ್ನು ಅದು ಒಂದು ರಾಗಿ ಕಣಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿತ್ತು. ಯಾರನ್ನಾದರೂ ಜಿಂಕೆ ಎಲ್ಲಿ ಅಂತ ಕೇಳಿ, ಸಾಕು.

ಒಟ್ಟು ಜಾಗ 798 ಎಕರೆ. ಬಂಡೀಪುರ, ನಾಗರಹೊಳೆ ನೋಡಿ ಬಂದವರಿಗೆ ಇದು ಯಾವ ಲೆಕ್ಕ ಅನ್ನಿಸಬಹುದು. ಆದರೆ ರಾಣೆಬೆನ್ನೂರು ಬಿಟ್ಟರೆ ರಾಜ್ಯದಲ್ಲಿ ಜಾಸ್ತಿ ಕೃಷ್ಣಮೃಗ ಇರುವುದು ಇಲ್ಲೇ ಅಂತ ಹೇಳುತ್ತಾರೆ. 2007ರಲ್ಲಿ ಇದನ್ನು ಕನ್ಸರ್ವೇಶನ್ ರಿಸರ್ವ್ ಅಂತ ಘೋಷಿಸಿದರು. ಇದು ಅಭಯಾರಣ್ಯಕ್ಕಿಂತ ಸ್ವಲ್ಪ ಸಡಿಲವಾದ ಏರ್ಪಾಡು. ಸರ್ಕಾರದ ಜಾಗವನ್ನು ಸುತ್ತಲಿನ ಜನರ ಜೊತೆ ಮಾತಾಡಿ ಕಾಯ್ದಿಡುವುದು. ಕಾಡಿನೊಳಗಿಂದ ಊರನ್ನು ಎಬ್ಬಿಸುವ ಗಲಾಟೆ ಇದರಲ್ಲಿ ಇಲ್ಲ. ಇಲ್ಲಿಗೆ ಅದು ಸರಿಯಾಗಿಯೇ ಹೊಂದುತ್ತದೆ, ಯಾಕೆಂದರೆ ಬಯಲು ಎಲ್ಲಿ ಮುಗಿದು ಕಡಲೆಕಾಯಿ ಹೊಲ ಎಲ್ಲಿ ಶುರು ಅನ್ನೋದು ಜಿಂಕೆಗಂತೂ ಗೊತ್ತಿಲ್ಲ.

ಜಿಂಕೆ ಅಂತ ಅಭ್ಯಾಸಬಲದಲ್ಲಿ ಬರೆಯುತ್ತಿದ್ದೇನೆ. ನಿಜವಾಗಿ ಇದು ಜಿಂಕೆ ಅಲ್ಲ. ಚುಕ್ಕೆ ಜಿಂಕೆ, ಕಡವೆಗಳ ಕವಲು ಕೊಂಬು ಬಿದ್ದು ಮತ್ತೆ ಹುಟ್ಟುತ್ತದೆ. ಕೃಷ್ಣಮೃಗದ ಕೊಂಬು ಒಂದು ಸಲ ಬಂದರೆ ಮುಗಿಯಿತು, ಬೀಳೋದಿಲ್ಲ, ಕವಲೂ ಒಡೆಯೋದಿಲ್ಲ, ತಿರುಚಿಕೊಂಡು ಮೇಲಕ್ಕೆ ಹೋಗುತ್ತದೆ. ಕುಲದ ಲೆಕ್ಕದಲ್ಲಿ ಜಿಂಕೆಗಿಂತ ನಮ್ಮ ಮನೆ ಮೇಕೆಗೇ ಹತ್ತಿರ. ಉತ್ತರ ಕರ್ನಾಟಕದವರು ಚಿಗರಿ ಅನ್ನುತ್ತಾರೆ, ಅದು ಚೆನ್ನಾಗಿದೆ. ಬಾಯಲ್ಲಿ ಹೇಳುವಾಗಲೇ ಒಂದು ಜಿಗಿತ ಇದೆ ಅಲ್ವಾ?

ಎರಡನೇ ಸಲ ಹೋಗಿದ್ದು ನವೆಂಬರ್‌ನಲ್ಲಿ. ರಾತ್ರಿ ಮಧುಗಿರಿಯಲ್ಲಿ ಒಂದು ಲಾಡ್ಜ್‌ನಲ್ಲಿ ಮಲಗಿ (ಹೆಸರು ಬೇಡ, ಬಿಸಿನೀರು ಇದೆ ಅಂದವರು ನಾವು ಹೊರಡುವಾಗಲೂ ಬಿಟ್ಟಿರಲಿಲ್ಲ), ಐದು ಗಂಟೆಗೆ ಎದ್ದು, ಬೆಳಕು ಹರಿಯುವ ಹೊತ್ತಿಗೆ ಬಯಲಿನ ಅಂಚಿನಲ್ಲಿ ನಿಂತಿದ್ದೆವು. ಹಿಂದೆ ಬಂದ ಜಾಗ ಇದೇನಾ ಅಂತ ಅನುಮಾನ ಬರುವಷ್ಟು ಬದಲಾಗಿತ್ತು. ಹುಲ್ಲು ಮೊಣಕಾಲೆತ್ತರ, ತುದಿಯಲ್ಲಿ ಹೊಂಬಣ್ಣ, ಮಂಜಿನ ಹನಿ. ಅದರ ನಡುವೆ ಎಲ್ಲಿ ನೋಡಿದರೂ ತಲೆಗಳು. ಒಂದು ಗುಂಪಿನಲ್ಲಿ ಎಣಿಸೋಕೆ ಶುರು ಮಾಡಿ ನಲವತ್ತಕ್ಕೆ ಬಿಟ್ಟೆ, ಯಾಕೆಂದರೆ ಎಣಿಸಿದ್ದವೇ ಜಾಗ ಬದಲಿಸಿ ಮತ್ತೆ ಎದುರು ಬರುತ್ತಿದ್ದವು.

ಗಂಡು ಹೆಣ್ಣು ಒಂದೇ ಪ್ರಾಣಿ ಅಂತ ನಂಬೋಕೆ ಕಷ್ಟ. ಹೆಣ್ಣಿಗೆ ಮರಳಿನ ಬಣ್ಣ, ಸಾಮಾನ್ಯವಾಗಿ ಕೊಂಬಿಲ್ಲ. ಗಂಡು ಮರಿಯೂ ಮೊದಲು ಅದೇ ಬಣ್ಣ. ಎರಡು ಮೂರು ವರ್ಷ ಕಳೆದ ಮೇಲೆ ಬೆನ್ನು ಕಪ್ಪಾಗುತ್ತಾ ಬರುತ್ತದೆ. ಹೊಟ್ಟೆ, ಗದ್ದ, ಕಣ್ಣಿನ ಸುತ್ತ ಮಾತ್ರ ಸುಣ್ಣ ಹೊಡೆದಷ್ಟು ಬಿಳಿ. ಬೆಳಗಿನ ಓರೆ ಬಿಸಿಲಲ್ಲಿ ಒಂದು ದೊಡ್ಡ ಗಂಡು ನಮ್ಮಿಂದ ಸುಮಾರು ನೂರು ಮೀಟರ್ ದೂರದಲ್ಲಿ ನಿಂತಿತ್ತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕಣ್ಣಿನ ಕೆಳಗೆ ಒಂದು ಕಪ್ಪು ಸೀಳು. ಅದು ಗ್ರಂಥಿ. ಅದನ್ನು ಅಗಲಿಸಿ ಒಂದು ಹುಲ್ಲಿನ ಕಡ್ಡಿಯ ತುದಿಗೆ ಮೆಲ್ಲಗೆ ಒರೆಸಿತು, ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುವವರ ಹಾಗೆ ಅಷ್ಟು ನಾಜೂಕಾಗಿ. ಆಮೇಲೆ ನಾಲ್ಕು ಹೆಜ್ಜೆ ನಡೆದು ಹಳೆಯ ಹಿಕ್ಕೆಯ ರಾಶಿಯ ಮೇಲೆ ಹೋಗಿ ನಿಂತು, ಅಲ್ಲೇ ಇನ್ನಷ್ಟು ಹಿಕ್ಕೆ ಹಾಕಿತು. ಇಷ್ಟೇ ಅದರ ಪಹಣಿ, ಖಾತೆ, ಬೇಲಿ ಎಲ್ಲ. ಈ ರಾಶಿ ಇರುವವರೆಗೆ ಜಾಗ ನನ್ನದು, ಇನ್ನೊಂದು ಗಂಡು ಬಂದರೆ ಕೊಂಬಿಗೆ ಕೊಂಬು.

ಒಂದು ಹೆಣ್ಣು ಆ ಜಾಗದೊಳಗೆ ಕಾಲಿಟ್ಟಿತು ನೋಡಿ, ಇವನ ನಡಿಗೆಯೇ ಬದಲಾಯಿತು. ಮೂಗು ಆಕಾಶಕ್ಕೆ, ಕೊಂಬು ಬೆನ್ನಿಗೆ ತಾಗುವಂತೆ ಹಿಂದಕ್ಕೆ, ಕಿವಿ ಮಡಚಿ, ಬಾಲ ಎತ್ತಿ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಸುತ್ತು ಬರತೊಡಗಿತು. ಮದುವೆ ಮನೆಯಲ್ಲಿ ಹೊಸ ಪಂಚೆ ಉಟ್ಟ ಹುಡುಗರು ಓಡಾಡುತ್ತಾರಲ್ಲ, ಥೇಟ್ ಹಾಗೆ. ಆ ಹೆಣ್ಣು ಒಂದು ಸಲವೂ ತಲೆ ಎತ್ತಲಿಲ್ಲ. ಮೇಯುತ್ತಾ ಮೇಯುತ್ತಾ ಆ ಕಡೆಯಿಂದ ಹೊರಗೆ ಹೋಯಿತು. ಇವನು ಇನ್ನೂ ಎರಡು ನಿಮಿಷ ಮೂಗು ಮೇಲೆ ಮಾಡಿಕೊಂಡೇ ನಿಂತಿದ್ದ. ನನಗೆ ಪಾಪ ಅನ್ನಿಸಿತು, ಹೆಂಡತಿಗೆ ನಗು ತಡೆಯೋಕೆ ಆಗಲಿಲ್ಲ.

ಜಿಗಿತ ನೋಡಬೇಕು ಅಂತ ಎಲ್ಲರೂ ಬರುತ್ತಾರೆ. ಅದು ನಿಮ್ಮ ಅದೃಷ್ಟ. ನಮಗೆ ಸಿಕ್ಕಿದ್ದು ಒಂದು ನಾಯಿಯಿಂದ. ಎಲ್ಲಿಂದಲೋ ಬಂದ ಊರ ನಾಯಿ ಗುಂಪಿನ ಕಡೆ ಓಡಿತು. ಮೊದಲು ಒಂದು ಹೆಣ್ಣು ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಗಾಳಿಗೆ ಹಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಪಾಪ್‌ಕಾರ್ನ್ ಸಿಡಿದ ಹಾಗೆ ಇಡೀ ಗುಂಪು. ಹತ್ತು ಜಿಗಿತದ ಮೇಲೆ ಓಟ. ಗಂಟೆಗೆ 80 ಕಿಲೋಮೀಟರ್ ವೇಗದ ಪ್ರಾಣಿ ಇದು, ಬರುವಾಗ ನಾವು ಕೊರಟಗೆರೆ ರಸ್ತೆಯಲ್ಲೂ ಆ ವೇಗ ಮುಟ್ಟಿರಲಿಲ್ಲ. ನಾಯಿ ಅರ್ಧ ದಾರಿಯಲ್ಲೇ ಕೂತು ಕಿವಿ ಕೆರೆದುಕೊಂಡಿತು. ಇಷ್ಟು ವೇಗ ಯಾಕೆ ಬೇಕಿತ್ತು ಅಂದರೆ, ಒಂದು ಕಾಲಕ್ಕೆ ಇದರ ಹಿಂದೆ ಓಡುತ್ತಿದ್ದದ್ದು ನಾಯಿ ಅಲ್ಲ, ಚೀತಾ. 1952ರಲ್ಲಿ ಚೀತಾ ನಮ್ಮ ದೇಶದಲ್ಲಿ ಮುಗಿಯಿತು ಅಂತ ಸರ್ಕಾರವೇ ಘೋಷಿಸಿತು. ಈ ಬಯಲಿನ ಕಾಲುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇಷ್ಟು ಓದಿ ಹೊರಟುಬಿಡಬೇಡಿ. ಕೃಷ್ಣಮೃಗ ಒಂದೇ ನೋಡಿ ಬಂದರೆ ಹೋಟೆಲಿಗೆ ಹೋಗಿ ಚಟ್ನಿ ಮಾತ್ರ ತಿಂದು ಎದ್ದು ಬಂದ ಹಾಗೆ. ಇಲ್ಲಿಯ ಅಸಲಿ ಮಾಲು ಹುಲ್ಲು.

ಆ ದಿನ ಹತ್ತು ಗಂಟೆಗೆ ಕಾರಿನ ಹತ್ತಿರ ಬಂದು ಶೂ ಬಿಚ್ಚಿದರೆ ನನ್ನ ಕಾಲುಚೀಲ ಮುಳ್ಳುಹಂದಿ ಆಗಿತ್ತು. ಊಬಿನ ಹುಲ್ಲಿನ ಬೀಜ. ಬೈಯುತ್ತಾ ಒಂದೊಂದೇ ಕೀಳುವಾಗ ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಮುಂದೆ ಸೂಜಿಯಂಥ ಚೂಪು ತುದಿ. ಅದರ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಕೂದಲು, ಹಾಗಾಗಿ ಒಳಗೆ ಹೋಗುತ್ತದೆ, ಹೊರಗೆ ಬರೋದಿಲ್ಲ. ಹಿಂದೆ ಬೆರಳುದ್ದದ ಕಂದು ಊಬು, ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ, ಕೊನೆಯಲ್ಲಿ ಮೊಣಕೈ ಥರ ಒಂದು ಬಾಗು. ಬಾಟಲಿಯಿಂದ ಒಂದು ಹನಿ ನೀರು ಅದರ ಮೇಲೆ ಬಿತ್ತು. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಆ ಊಬು ತಾನಾಗಿಯೇ ತಿರುಗತೊಡಗಿತು! ಗಡಿಯಾರದ ಮುಳ್ಳಿನ ಹಾಗೆ, ನಿಧಾನವಾಗಿ, ನನ್ನ ಅಂಗೈ ಮೇಲೆ. ಒದ್ದೆಯಾದರೆ ಹೊಸೆತ ಬಿಚ್ಚುತ್ತದೆ, ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ನೆಲಕ್ಕೆ ಬಿದ್ದ ಬೀಜ ರಾತ್ರಿ ಇಬ್ಬನಿಗೆ ಒಂದು ಸುತ್ತು, ಹಗಲು ಬಿಸಿಲಿಗೆ ಒಂದು ಸುತ್ತು ತಿರುಗುತ್ತಾ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಬಿತ್ತುವವರು ಬೇಡ, ಉಳುವವರು ಬೇಡ. ಬೆಂಕಿ ಬಿದ್ದರೂ ಮೇಲಿನ ಹುಲ್ಲು ಸುಡುತ್ತದೆ, ಇದು ಮಣ್ಣೊಳಗೆ ತಣ್ಣಗೆ ಕೂತಿರುತ್ತದೆ. ಹದಿನೈದು ನಿಮಿಷ ನಾನು ಕಾರಿನ ನೆರಳಲ್ಲಿ ಕೂತು ಕಾಲುಚೀಲಕ್ಕೆ ನೀರು ಚಿಮುಕಿಸುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರು ಏನಂದುಕೊಂಡರೋ.

ಹುಲ್ಲಿನ ಆಸ್ತಿ ಎಲ್ಲ ಕೆಳಗಿದೆ. ಮರ ತಾನು ಗಳಿಸಿದ್ದನ್ನು ಬಹುಪಾಲು ಕಾಂಡ ಕೊಂಬೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡುತ್ತದೆ. ಹುಲ್ಲು ಬೇರಿನಲ್ಲಿ, ಮಣ್ಣಿನಲ್ಲಿ ಇಡುತ್ತದೆ. ಅದಕ್ಕೇ ಏಪ್ರಿಲ್‌ನಲ್ಲಿ ಸತ್ತಂತೆ ಕಂಡ ಬಯಲು ಮುಂಗಾರಿನ ಎರಡು ಮಳೆಗೆ ಹಸಿರಾಗುತ್ತದೆ. ನಾನು ಮೊದಲ ಸಲ ಹೋದಾಗ ಅದು ಸತ್ತಿರಲಿಲ್ಲ, ಅಂಗಡಿ ಬಾಗಿಲು ಹಾಕಿ ಒಳಗೆ ಮಲಗಿತ್ತು.

ಹಕ್ಕಿ ನೋಡುವವರಿಗೆ ನವೆಂಬರ್‌ನಿಂದ ಫೆಬ್ರವರಿ ಹಬ್ಬ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವ (ಹ್ಯಾರಿಯರ್) ಅನ್ನೋ ಬೇಟೆ ಹಕ್ಕಿಗಳು ಚಳಿಗಾಲ ಕಳೆಯೋಕೆ ನಮ್ಮ ಬಯಲುಗಳಿಗೆ ಬರುತ್ತವೆ. ಕಝಾಕಿಸ್ತಾನದಿಂದ ಮಧುಗಿರಿ ತಾಲ್ಲೂಕಿಗೆ! ಹದ್ದಿನ ಹಾಗೆ ಮೇಲೆ ಸುತ್ತುವುದಿಲ್ಲ ಇವು. ಹುಲ್ಲಿನ ತುದಿ ಸವರುವಷ್ಟು ಕೆಳಗೆ, ರೆಕ್ಕೆಯನ್ನು ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಎತ್ತಿ ಹಿಡಿದು ತೇಲುತ್ತಾ ಹೋಗುತ್ತವೆ, ಸಟ್ಟನೆ ತಿರುಗಿ ಬೀಳುತ್ತವೆ, ಒಂದು ಮಿಡತೆ ಮುಗಿಯಿತು. ರಾತ್ರಿ ಮಲಗುವುದೂ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಸುತ್ತಲಿನ ಹೊಲಗಳ ಮಿಡತೆ ಕಾಟ ಇವು ಎಷ್ಟು ಕಡಿಮೆ ಮಾಡುತ್ತವೋ, ಅದಕ್ಕೆ ಯಾರೂ ಬಿಲ್ ಕೊಡುವುದಿಲ್ಲ.

ಇನ್ನು ನೆಲಗುಬ್ಬಿ. ನೋಡೋಕೆ ಏನೂ ಇಲ್ಲ, ಮಣ್ಣಿನ ಮುದ್ದೆಗೆ ಕೊಕ್ಕು ಅಂಟಿಸಿದಂತೆ. ಆದರೆ ಗಂಡು ನೆಟ್ಟಗೆ ಮೇಲೇರಿ, ಅಲ್ಲಿಂದ ಸಿಳ್ಳೆ ಹೊಡೆಯುತ್ತಾ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮೊದಲು ಮತ್ತೆ ಏಳುತ್ತದೆ. ಗೂಡು ಒಂದು ಹುಲ್ಲಿನ ಬುಡದಲ್ಲಿ ಬಟ್ಟಲಿನಷ್ಟು ಕುಳಿ. ಟಿಟ್ಟಿಭಕ್ಕೆ ಆ ಕುಳಿಯೂ ಬೇಡ, ಬರೀ ಕಲ್ಲುನೆಲದಲ್ಲಿ ಕಲ್ಲಿನ ಬಣ್ಣದ ಮೊಟ್ಟೆ ಇಟ್ಟು, ನೀವು ಹತ್ತಿರ ಹೋದರೆ ತಲೆ ಮೇಲೆ ಸುತ್ತುತ್ತಾ ಕಿರುಚುತ್ತದೆ. ಬೇಸಿಗೆಯಲ್ಲಿ ಹೋದವರು ದಯವಿಟ್ಟು ಕಾಲ ಕೆಳಗೆ ನೋಡಿ ನಡೆಯಿರಿ. ಇಲ್ಲಿಯ ಅರ್ಧ ಸಂಸಾರಗಳು ನೆಲದ ಮೇಲಿವೆ.

ಕೃಷ್ಣಮೃಗದ ಮರಿಯೂ ಹಾಗೆಯೇ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡುವುದಿಲ್ಲ, ಹುಲ್ಲೊಳಗೆ ಕುತ್ತಿಗೆ ಚಾಚಿ ಮಲಗಿಬಿಡುತ್ತದೆ. ಉಸಿರಾಡುತ್ತಿದೆಯಾ ಅಂತ ಅನುಮಾನ ಬರಬೇಕು, ಅಷ್ಟು ಸ್ತಬ್ಧ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೂರನೇ ಸಲ ಹೋದಾಗ ಒಂದು ದೊಡ್ಡ ಎಸ್‌ಯುವಿ ಹಾದಿ ಬಿಟ್ಟು ಹುಲ್ಲಿನ ಮೇಲೆ ಗುಂಪಿನ ಹಿಂದೆ ಓಡಿತು. ಒಳಗೆ ಹಾಡು, ಕಿಟಕಿಯಿಂದ ಹೊರಗೆ ಮೊಬೈಲು. ಜಿಗಿತದ ವಿಡಿಯೋ ಬೇಕಿತ್ತಂತೆ. ಓಡಿ ಹೋಗುವ ಪ್ರಾಣಿ ಓಡುತ್ತದೆ, ಮಲಗಿರುವ ಮರಿ ಚಕ್ರಕ್ಕೆ ಸಿಗುತ್ತದೆ. ಸಿಕ್ಕಿತೋ ಇಲ್ಲವೋ ನಾನು ಹೋಗಿ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಕೈ ಬೀಸಿ ಕೂಗಿದೆ, ಅವರೂ ಖುಷಿಯಿಂದ ಕೈ ಬೀಸಿದರು. ಇದು 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಅಟ್ಟಿಸಿಕೊಂಡು ಹೋದರೂ ಅಪರಾಧ ಅಂತ ಅವರಿಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಈಗ ಆ ಕಟ್ ಆದ ಸ್ಟಾರ್ ವಿಷಯ. ಹೌದು, ಮರಗಳಿಗೇ ಕಟ್ ಮಾಡಿದ್ದು. ಬಯಲಿನ ನಡುವೆ ಅಲ್ಲಲ್ಲಿ ನೀಲಗಿರಿ ತೋಪುಗಳಿವೆ. ಅಂಚುಗಳಲ್ಲಿ ಬಳ್ಳಾರಿ ಜಾಲಿ. ಬಂದವರೆಲ್ಲ ಸೀದಾ ನೀಲಗಿರಿ ಅಡಿಗೆ ಹೋಗಿ ಚಾಪೆ ಹಾಸಿ, "ಅಬ್ಬಾ, ಇಷ್ಟಾದರೂ ನೆರಳಿದೆಯಲ್ಲ" ಅನ್ನುತ್ತಾರೆ. ನಾನೂ ಮೊದಲ ಸಲ ಅಂದಿದ್ದೆ. ಆದರೆ ಒಂದು ಸಲ ಆ ತೋಪಿನ ಒಳಗೆ ನೆಲ ನೋಡಿ. ಒಣ ಎಲೆ, ತೊಗಟೆ, ಇಷ್ಟೇ. ಒಂದು ಹಿಡಿ ಹುಲ್ಲು ಸಿಗೋದು ಕಷ್ಟ. ಮೇಯುವ ಪ್ರಾಣಿಗೆ ಅದು ಖಾಲಿ ತಟ್ಟೆ. ಇನ್ನೊಂದು ಸಂಗತಿ, ಕೃಷ್ಣಮೃಗ ಬದುಕುವುದು ಕಣ್ಣಿನ ಬಲದ ಮೇಲೆ. ಒಂದು ಮೈಲಿ ದೂರ ಕಂಡರೆ ಮಾತ್ರ ಅದರ ಓಟ ಕೆಲಸಕ್ಕೆ ಬರುತ್ತದೆ. ಮರ ಪೊದೆ ಎದ್ದರೆ ನಾಯಿ, ತೋಳ ಎರಡೂ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಮರದ ಮೇಲೆ ಕೂತ ಕಾಗೆಗೆ ನೆಲಗುಬ್ಬಿಯ ಗೂಡು ಮೆನು ಕಾರ್ಡ್ ಇದ್ದ ಹಾಗೆ. ನಮಗೆ ನೆರಳು, ಅವುಕ್ಕೆ ಹೊಂಚು ಹಾಕುವ ಜಾಗ.

ನೀಲಗಿರಿ ನಮ್ಮ ದೇಶಕ್ಕೆ ಕಾಲಿಟ್ಟಿದ್ದೂ ಇದೇ ಸೀಮೆಯಲ್ಲಿ ಅನ್ನೋದು ತಮಾಷೆ. 1790ರ ಆಸುಪಾಸಿನಲ್ಲಿ ಟಿಪ್ಪು ನಂದಿ ಬೆಟ್ಟದ ತೋಟದಲ್ಲಿ ನೆಡಿಸಿದ್ದು ಮೊದಲು ಅನ್ನುತ್ತಾರೆ. ಆಮೇಲೆ ಕಾಗದಕ್ಕೆ, ರೇಯಾನ್‌ಗೆ, ಸೌದೆಗೆ ಅಂತ ಗೋಮಾಳ, ಬಯಲು, ಕೊನೆಗೆ ರಾಗಿ ಹೊಲಕ್ಕೂ ಬಂತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಆದರೆ ಕಡಿದರೆ ಬುಡದಿಂದ ಚಿಗುರುವ ಜಾತಿ ಅದು. ರಾಣೆಬೆನ್ನೂರಿಗೆ ಹೋದವರಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರ್‌ನ ಕೃಷ್ಣಮೃಗ ಧಾಮ, ಒಳಗೆ ಹೋದರೆ ಬಹುಪಾಲು ನೀಲಗಿರಿ ಸಾಲು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿ ಇತ್ತು. ಒಂದು ಮೀಟರ್ ಎತ್ತರದ, ಬಯಲೇ ಬೇಕು ಅನ್ನುವ ಹಕ್ಕಿ. ಈಗ ಆ ಹಕ್ಕಿಯ ಚಿತ್ರ ಮಾತ್ರ ನೋಡಬೇಕು.

ಬಳ್ಳಾರಿ ಜಾಲಿ ಕಥೆ ಇನ್ನೂ ಸೂಕ್ಷ್ಮ. ದಕ್ಷಿಣ ಅಮೆರಿಕದ ಗಿಡ, ಬರದ ಊರಿಗೆ ಸೌದೆಗಾಗಿ ತಂದದ್ದು. ಅದರ ಕಾಯಿ ಸಿಹಿ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕೃಷ್ಣಮೃಗ ಆ ಕಾಯಿ ತಿಂದು ಬದುಕುತ್ತದೆ. ತಿಂದು ಎಲ್ಲಿ ಹೋಗುತ್ತದೆ? ತನ್ನ ಹಿಕ್ಕೆ ರಾಶಿಯ ಮೇಲೆ. ಬೀಜ ಗೊಬ್ಬರದ ಸಮೇತ ಬಿತ್ತನೆಯಾಗುತ್ತದೆ. ತನ್ನ ಜಾಗದ ಗುರುತಿಗೆ ಹಾಕಿದ ರಾಶಿಯಿಂದಲೇ ಆ ಜಾಗ ನುಂಗುವ ಗಿಡ ಏಳುತ್ತದೆ. ನಾನು ಕಣ್ಣಾರೆ ಕಂಡೆ, ಒಂದು ಹಳೆಯ ರಾಶಿಯ ಮಧ್ಯೆ ಗೇಣುದ್ದದ ಜಾಲಿ ಸಸಿ.

ಅದಕ್ಕೇ ಒಂದು ವಿನಂತಿ. ಪ್ರತಿ ಜೂನ್‌ಗೆ ಬೆಂಗಳೂರಿನಿಂದ ಒಳ್ಳೆಯ ಮನಸ್ಸಿನ ಜನ ಸಸಿ, ಬೀಜದುಂಡೆ ತೆಗೆದುಕೊಂಡು ಇಂಥ ಬಯಲುಗಳಿಗೆ ಬರುತ್ತಾರೆ. ನಮ್ಮ ಆಫೀಸಿನವರೂ ಒಂದು ವರ್ಷ ಹೊರಟಿದ್ದರು, ಟೀ ಶರ್ಟ್ ಎಲ್ಲ ಪ್ರಿಂಟ್ ಆಗಿತ್ತು. ನಾನು ಬಾಯಿ ಬಿಟ್ಟು ಬೇಡ ಅಂದಿದ್ದಕ್ಕೆ ಪರಿಸರ ವಿರೋಧಿ ಅನ್ನಿಸಿಕೊಂಡೆ. ತಪ್ಪು ಅವರದ್ದೂ ಅಲ್ಲ. ಬ್ರಿಟಿಷರ ಕಾಲದ ಕಂದಾಯ ಲೆಕ್ಕದಲ್ಲಿ ಕಂದಾಯ ಬಾರದ ನೆಲ ಪಾಳು, ಬಂಜರು. ಆ ಪದ ಇನ್ನೂ ನಮ್ಮ ದಾಖಲೆಗಳಲ್ಲಿ ಕೂತಿದೆ. ಬಂಜರು ಅಂತ ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ. ಗಿಡ ನೆಟ್ಟರೂ ಉದ್ಧಾರ, ಕಟ್ಟಡ ಕಟ್ಟಿದರೂ ಉದ್ಧಾರ.

ನಮ್ಮ ಹಿಂದಿನವರಿಗೆ ಇಷ್ಟು ಗೊಂದಲ ಇರಲಿಲ್ಲ. ಮೈಸೂರು ಸೀಮೆಯಲ್ಲಿ ಕಾವಲು ಅನ್ನುವ ಪದವೇ ಇತ್ತು, ಹುಲ್ಲಿಗಾಗಿ ಕಾಯುವ ನೆಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗೆ ಅಂತ ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರಿನಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ಬಿಟ್ಟಿದ್ದರು. ದನ ಮೇಯುತ್ತಿತ್ತು, ಜೊತೆಗೆ ಕೃಷ್ಣಮೃಗವೂ. ಕಡೂರು ಕಡೆಯ ಬಾಸೂರು ಕಾವಲು ಹಾಗೆ ಉಳಿದದ್ದರಲ್ಲಿ ಒಂದು, 2011ರಲ್ಲಿ ಅದೂ ಇದೇ ಥರ ಸಂರಕ್ಷಿತ ಪ್ರದೇಶ ಆಯಿತು. ಇತ್ತೀಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೇ ಅಂತ ಒಂದು ಧಾಮ ಬಂದಿದೆ. ಹುಲಿ ಆನೆ ಬಿಟ್ಟು ತೋಳದ ಹೆಸರಲ್ಲಿ ಬೋರ್ಡು ಬರೆಸುತ್ತಾರೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಸುತ್ತಲಿನ ರೈತರ ಮಾತು ಬಿಟ್ಟರೆ ಈ ವಿಮರ್ಶೆ ಮೋಸ ಆಗುತ್ತದೆ. ನಾಲ್ಕನೇ ಸಲ ಹೋದಾಗ ಬಯಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರ ಜೊತೆ ಮಾತಿಗೆ ಸಿಕ್ಕಿದೆ. ಕಂಬಳಿ ಹೆಗಲಿಗೆ ಹಾಕಿಕೊಂಡು, ಬೀಡಿ ಸೇದುತ್ತಾ, ನನ್ನ ಕ್ಯಾಮೆರಾ ಎಷ್ಟು ದುಡ್ಡು ಅಂತ ಕೇಳಿದರು. ಹೇಳಿದೆ. "ನಮ್ಮ ಮನೇಲಿ ಆ ವರ್ಷ ಕಡಲೆಕಾಯಿ ಅಷ್ಟೂ ದುಡ್ಡಿಗೆ ಆಗಲಿಲ್ಲ ಬಿಡಿ" ಅಂದರು. ಕಡಲೆಕಾಯಿ ಮೊಳಕೆ ಒಡೆದ ವಾರದಲ್ಲಿ ಗುಂಪು ನುಗ್ಗಿದರೆ ಒಂದು ರಾತ್ರಿಯಲ್ಲಿ ಸಾಲು ಸಾಲೇ ಮಾಯ. ಪರಿಹಾರಕ್ಕೆ ಅರ್ಜಿ ಹಾಕಬಹುದು, ಅದಕ್ಕೆ ಓಡಾಡುವ ಬಸ್ ಚಾರ್ಜು ಬೇರೆ. ಕೋಪ ಇತ್ತಾ ಅಂದರೆ ಇತ್ತು. ಆದರೆ ಅದರ ಮಧ್ಯೆಯೇ, "ಆ ಕರಿಯ ನೋಡಿ, ಮೂರು ವರ್ಷದಿಂದ ಅದೇ ಜಾಗ ಬಿಟ್ಟಿಲ್ಲ" ಅಂತ ದೂರದ ಒಂದು ಗಂಡನ್ನು ಬೆರಳು ಮಾಡಿ ತೋರಿಸಿದರು. ನನಗೆ ಬೈನಾಕ್ಯುಲರ್‌ನಲ್ಲೂ ಎಲ್ಲ ಗಂಡೂ ಒಂದೇ ಥರ. ಅವರಿಗೆ ಬರಿಗಣ್ಣಿಗೆ ಗುರುತು ಸಿಗುತ್ತದೆ. ಇಂಥವರನ್ನೇ ಕರೆದು ಬಂದವರಿಗೆ ದಾರಿ ತೋರಿಸುವ ಕೆಲಸ ಕೊಟ್ಟು, ದಿನಕ್ಕೆ ಇಷ್ಟು ಅಂತ ಕೈಗೆ ಕೊಟ್ಟರೆ ಎಷ್ಟು ಚೆನ್ನ ಅಲ್ವಾ? ನಾನಂತೂ ಖುಷಿಯಿಂದ ಕೊಡುತ್ತೇನೆ.

ಸೌಲಭ್ಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಂದು ವಾಚ್ ಟವರ್ ಇದೆ, ಅದರ ಮೇಲಿಂದ ನೋಡುವುದೇ ಸರಿ. ಒಳಗೆ ಉಳಿಯೋ ಆಸೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಸಫಾರಿ ಜೀಪು, ಕ್ಯಾಂಟೀನು ಎಲ್ಲ ಹುಡುಕಬೇಡಿ. ನೀರು, ತಿಂಡಿ ಮಧುಗಿರಿಯಲ್ಲೇ ತೆಗೆದುಕೊಳ್ಳಿ, ತಂದ ಕವರು ವಾಪಸ್ ತನ್ನಿ. ಟೋಪಿ ಬೇಕೇ ಬೇಕು. ಮಾಸಲು ಬಣ್ಣದ ಬಟ್ಟೆ ಹಾಕಿ, ನಮ್ಮ ಭಾವ ಕಡು ಕೆಂಪು ಅಂಗಿ ಹಾಕಿ ಬಂದಿದ್ದರು. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ, ನಡುವೆ ಹೋದರೆ ನನ್ನ ಹಾಗೆ ಒಂದು ಸ್ಟಾರ್ ಕೊಟ್ಟು ಬರುತ್ತೀರಿ. ಇಳಿದ ತಕ್ಷಣ ಕಾರಿನ ಬಾಗಿಲು ಧಡಾರ್ ಅಂತ ಹಾಕಬೇಡಿ. ಅರ್ಧ ಗಂಟೆ ಒಂದೇ ಕಡೆ ಸುಮ್ನೆ ಕೂತರೆ ಅವು ತಾವಾಗಿಯೇ ಮೇಯುತ್ತಾ ಹತ್ತಿರ ಬರುತ್ತವೆ. ಅರ್ಧ ಗಂಟೆ ಸುಮ್ಮನೆ ಕೂರೋಕೆ ಆಗದವರಿಗೆ ಮಧುಗಿರಿ ಬೆಟ್ಟವೇ ಒಳ್ಳೆಯದು, ಹತ್ತೋಕೆ ಬೇಕಾದಷ್ಟು ಕೆಲಸ ಇದೆ.

ಅಕ್ಕನ ಮಗಳನ್ನು ಕೊನೆಯ ಸಲ ಕರೆದುಕೊಂಡು ಹೋಗಿದ್ದೆ. ಈಗ ಅವಳಿಗೆ ಹತ್ತು. ಟವರ್ ಮೇಲೆ ಎರಡು ಗಂಟೆ ಕೂತಿದ್ದಳು, ಕಾಡೆಲ್ಲಿ ಅಂತ ಕೇಳಲಿಲ್ಲ. ಬರುವಾಗ ಅವಳ ಕಾಲುಚೀಲದಲ್ಲಿ ಸಿಕ್ಕ ಊಬಿನ ಬೀಜಗಳನ್ನು ಮನೆಯ ತುಳಸಿ ಪಕ್ಕದ ಖಾಲಿ ಕುಂಡದಲ್ಲಿ ಕಿತ್ತು ಹಾಕಿದ್ದಳಂತೆ. ಜೂನ್ ಮಳೆಗೆ ಅಲ್ಲಿ ನಾಲ್ಕು ಎಸಳು ಹುಲ್ಲು ಎದ್ದಿತ್ತು, ಫೋಟೋ ಕಳಿಸಿದ್ದಳು. ಮರುವಾರ ಹೋಗಿ ನೋಡಿದರೆ ಕುಂಡದಲ್ಲಿ ದಾಸವಾಳದ ಕಡ್ಡಿ. ನಮ್ಮಮ್ಮ ಕಳೆ ಅಂತ ಕಿತ್ತು ಹಾಕಿದ್ದರು.